ಹೊಸ ಮನೆಯ ಊಟದ ಕೋಣೆ

ಮಳೆಗಾಲ ಹಿಂದಾದೊಡನೆ ನಮ್ಮ ಕಾಸರಗೋಡಿನ ಊರುಗಳಲ್ಲಿ ಮನೆ ಕಟ್ಟುವ ಕೆಲಸಗಳು ಮೊದಲಾಗುತ್ತವೆ. ದಾರಿಯ ಬದಿಗಳಲ್ಲಿ ಕೆಂಪುಕಲ್ಲಿನ ರಾಶಿ, ಹೊಯಿಗೆಯ ರಾಶಿ ಕಾಣಿಸಿಕೊಳ್ಳುತ್ತವೆ. ಅಡಿಕೆ ಮಾರಿದ ಹಣವೋ, ಕೊಲ್ಲಿಯ ದೇಶಗಳಲ್ಲಿ ದುಡಿದು ಕಳುಹಿಸಿದ ಹಣವೋ, ಬೇಂಕಿನ ಸಾಲವೋ, ಅಂತೂ ಒಂದು ಕುಟುಂಬದ ಹಲವು ವರ್ಷಗಳ ದುಡಿಮೆಯು ಗೋಡೆಗಳಾಗಿ ಮೇಲೇಳುತ್ತದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದುದು ಸುಮ್ಮನೆ ಅಲ್ಲ. ಕಟ್ಟಿದ ಗೋಡೆಯನ್ನು ಒಡೆದು ಇನ್ನೊಮ್ಮೆ ಕಟ್ಟಿಸುವ ಶಕ್ತಿ ನಮ್ಮಂತಹ ಸಾಮಾನ್ಯರಲ್ಲಿ ಅನೇಕರಿಗೆ ಇರುವುದಿಲ್ಲ. ಆದುದರಿಂದ ಯೋಚಿಸತಕ್ಕುದನ್ನೆಲ್ಲ ಕಾಗದದ ಮೇಲೆ ಗೆರೆ ಎಳೆಯುವಾಗಲೇ ಯೋಚಿಸಿ ಮುಗಿಸಬೇಕು. ಕಾಗದದ ಗೆರೆಯನ್ನು ರಬ್ಬರಿನಿಂದ ಅಳಿಸಬಹುದು. ಕಲ್ಲಿನ ಗೋಡೆಯನ್ನು ಅಳಿಸುವ ರಬ್ಬರು ಇನ್ನೂ ಹುಟ್ಟಿಲ್ಲ.

ನಕ್ಷೆಯನ್ನು ಮುಂದಿಟ್ಟುಕೊಂಡು ಕುಳಿತಾಗ ಮನೆಯ ಯಜಮಾನರ ಕಣ್ಣು ಮೊದಲು ಹೋಗುವುದು ಮುಂಬದಿಗೆ. ಜಗಲಿ ಎಷ್ಟು ಅಗಲ, ಕಂಬ ಎಷ್ಟು ಎತ್ತರ, ಬಂದವರು ಕುಳಿತುಕೊಳ್ಳುವ ಚಾವಡಿ ಎಷ್ಟು ವಿಶಾಲ ಎಂಬುದರ ಬಗ್ಗೆ ಬಹಳ ಚರ್ಚೆ ನಡೆಯುತ್ತದೆ. ಆ ಬಳಿಕ ಮಲಗುವ ಕೋಣೆಗಳು, ಬಚ್ಚಲು, ಅಡುಗೆಮನೆ. ಊಟದ ಕೋಣೆಯೆಂಬುದು ಇವೆಲ್ಲ ಹಂಚಿಹೋದ ಮೇಲೆ ನಡುವೆ ಉಳಿದ ಸ್ಥಳವಾಗಿರುತ್ತದೆ. ಆದರೆ ಲೆಕ್ಕ ಹಾಕಿ ನೋಡಿರಿ. ದಿನಕ್ಕೆ ಮೂರು ಸಲದಂತೆ ವರ್ಷಕ್ಕೆ ೧೦೯೫ ಸಲ ಮನೆಯವರೆಲ್ಲರೂ ಬಂದು ಕುಳಿತುಕೊಳ್ಳುವ ಸ್ಥಳ ಅದೊಂದೇ. ಅಷ್ಟು ಉಪಯೋಗವುಳ್ಳ ಕೋಣೆಗೆ ಉಳಿದ ಜಾಗವನ್ನು ಕೊಡುವುದು ನ್ಯಾಯವಲ್ಲ.

ವಿದ್ಯಾರ್ಥಿಗಳಿಗೆ ಇದು ರೇಖಾಗಣಿತಕ್ಕೂ ಗೃಹವಿಜ್ಞಾನಕ್ಕೂ ಸೇರಿದ ಪಾಠ; ಮನೆ ಕಟ್ಟಿಸಲು ಹೊರಟ ಹೆತ್ತವರಿಗೆ ಉಪಯೋಗಕ್ಕೆ ಬರಬಹುದಾದ ವಿಷಯ. ಆದಕಾರಣ ಈ ವರ್ಷದ ಸಂಚಿಕೆಗೆ ಇದನ್ನೇ ಆರಿಸಿಕೊಂಡಿದ್ದೇವೆ. ನಾವು ಹೇಳಬೇಕೆಂದಿರುವ ಮಾತು ಸಣ್ಣದು. ಅಂಗಡಿಯಲ್ಲಿ ಕಂಡ ಮೇಜನ್ನು ಮನಸ್ಸಿನಲ್ಲಿಟ್ಟುಕೊಂಡು ಊಟದ ಕೋಣೆಯನ್ನು ಅಳೆಯತಕ್ಕದ್ದಲ್ಲ. ಮನೆಯಲ್ಲಿರುವ ಮಂದಿಯನ್ನು ಎಣಿಸಿ ಅಳೆಯಬೇಕು. ಹಾಗೆ ಎಣಿಸುವಾಗ ಬಡಿಸುವವರನ್ನು ಬಿಟ್ಟುಬಿಡಬಾರದು.

೧. ಮೂರು ಬಗೆಯ ನಕ್ಷೆಗಳು

ನಮ್ಮ ಹಳೆಯ ಮನೆಗಳಲ್ಲಿ ಊಟಕ್ಕೆಂದೇ ಬೇರೆ ಕೋಣೆ ಇರುತ್ತಿದ್ದುದು ಕಡಮೆ. ಅಡುಗೆಮನೆಗೆ ತಾಗಿಕೊಂಡ ಒಂದು ಉದ್ದನೆಯ ಒಳಜಗಲಿಯಲ್ಲಿ ಮಣೆ ಇಟ್ಟು, ಬಾಳೆಲೆ ಹಾಕಿ, ಸಾಲಾಗಿ ಕುಳಿತು ಉಣ್ಣುವರು. ಉಂಡೆದ್ದ ಮೇಲೆ ಎಲೆ ತೆಗೆದು ಸಾರಿಸಿದರೆ ಅದೇ ಸ್ಥಳದಲ್ಲಿ ಮಕ್ಕಳು ಓದುವರು, ರಾತ್ರಿ ಚಾಪೆ ಹಾಸಿ ಮಲಗುವರು. ಒಂದೇ ನೆಲವು ಮೂರು ಕೆಲಸ ಮಾಡುತ್ತಿತ್ತು. ಈಗ ಮೇಜು ಕುರ್ಚಿಗಳು ಬಂದಿವೆ. ಅವು ಒಮ್ಮೆ ನೆಲೆಗೊಂಡರೆ ದಿನದ ೨೪ ಗಂಟೆಯೂ ಅದೇ ಸ್ಥಳವನ್ನು ಹಿಡಿದುಕೊಂಡಿರುತ್ತವೆ. ಆದುದರಿಂದ ಅವುಗಳಿಗೆ ಎಲ್ಲಿ, ಎಷ್ಟು ಸ್ಥಳ ಕೊಡಬೇಕೆಂಬ ಪ್ರಶ್ನೆ ಹುಟ್ಟಿತು. ಇದಕ್ಕೆ ಮುಖ್ಯವಾಗಿ ಮೂರು ಉತ್ತರಗಳಿವೆ.

ಮೊದಲನೆಯದು, ಅಡುಗೆಮನೆಯೊಳಗೇ ಊಟ. ಮೂರು ನಾಲ್ಕು ಮಂದಿಯ ಸಂಸಾರಕ್ಕೆ, ಐದು ಸೆಂಟ್ಸ್ ಸ್ಥಳದಲ್ಲಿ ಕಟ್ಟುವ ಮನೆಗೆ ಇದು ಒಳ್ಳೆಯದು. ಗೋಡೆಯ ಖರ್ಚು ಉಳಿಯುತ್ತದೆ. ಒಲೆಯಿಂದ ಬಟ್ಟಲಿಗೆ ನಾಲ್ಕೇ ಹೆಜ್ಜೆ. ದೋಸೆ ಕಾವಲಿಯಿಂದ ಬಿಸಿಯಾಗಿಯೇ ಬರುತ್ತದೆ. ಕೊರತೆಯೆಂದರೆ ಸೆಕೆ, ಒಗ್ಗರಣೆಯ ಹೊಗೆ, ಮತ್ತು ಸಣ್ಣ ಮಕ್ಕಳು ಒಲೆಯ ಹತ್ತಿರ ಓಡಾಡುವ ಅಪಾಯ. ೧೯೭೦ರಲ್ಲಿ ಮೊದಲು ಪ್ರಕಟವಾಗಿ ೨೦೧೬ರಲ್ಲಿ ಪರಿಷ್ಕೃತವಾದ ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು, ಊಟಕ್ಕೆ ಬೇರೆ ಸ್ಥಳವಿದ್ದರೆ ಅಡುಗೆಮನೆಯು ೫ ಚದರ ಮೀಟರಿಗೆ ಕಡಮೆಯಾಗಬಾರದು, ಅಡುಗೆಮನೆಯಲ್ಲಿಯೇ ಊಟವಾದರೆ ೭.೫ ಚದರ ಮೀಟರಿಗೆ ಕಡಮೆಯಾಗಬಾರದು ಎಂದು ಹೇಳುತ್ತದೆ. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಅದು ಸುಮಾರು ೮೧ ಚದರ ಅಡಿ. ಇದು ಕನಿಷ್ಠ ಪ್ರಮಾಣವೆಂಬುದನ್ನು ಮರೆಯಬಾರದು. ಒಲೆಗೂ ಅತ್ಯಂತ ಹತ್ತಿರ ಕುಳಿತವರಿಗೂ ನಡುವೆ ನಾಲ್ಕು ಅಡಿಯಾದರೂ ಅಂತರ ಇರಲಿ.

ಎರಡನೆಯದು, ಚಾವಡಿ ಮತ್ತು ಊಟದ ಸ್ಥಳ ಒಂದೇ ಆಗಿರುವ ನಕ್ಷೆ. ನಡುವೆ ಗೋಡೆಯಿಲ್ಲದ ಕಾರಣ ಮನೆ ದೊಡ್ಡದಾಗಿ ಕಾಣಿಸುತ್ತದೆ. ಹಬ್ಬಕ್ಕೋ ನಾಮಕರಣಕ್ಕೋ ಇಪ್ಪತ್ತು ಮಂದಿ ಬಂದರೂ ಕುರ್ಚಿಗಳನ್ನು ಸರಿಸಿ ಸುಧಾರಿಸಬಹುದು. ಆದರೆ ಊಟದ ಹೊತ್ತಿಗೆ ಯಾರಾದರೂ ಬಾಗಿಲಿಗೆ ಬಂದರೆ ತುತ್ತು ಕೈಯಲ್ಲಿ, ಕಣ್ಣು ಬಾಗಿಲಲ್ಲಿ. ಬಂದವರನ್ನು ಊಟಕ್ಕೆ ಏಳಿ ಎಂದು ಕರೆಯದೆ ಎದುರಿಗೆ ಉಣ್ಣುವುದು ನಮ್ಮ ಕ್ರಮವಲ್ಲ. ಕರೆದರೆ ಅವರಿಗೆ ಸಂಕೋಚ. ಇದಕ್ಕೆ ಪರಿಹಾರವಿದೆ. ಕೋಣೆಯನ್ನು ನೇರವಾಗಿ ಎಳೆಯದೆ ಬಡಗಿಯ ಮೂಲೆಮಟ್ಟದ ಆಕಾರದಲ್ಲಿ ತಿರುಗಿಸಿದರೆ, ಮುಂಬಾಗಿಲಲ್ಲಿ ನಿಂತವರಿಗೆ ಚಾವಡಿ ಮಾತ್ರ ಕಾಣುತ್ತದೆ, ಉಣ್ಣುವವರು ಕಾಣುವುದಿಲ್ಲ. ಟೆಲಿವಿಷನ್ನನ್ನು ಮೂಲೆಯ ಆಚೆಗೆ, ಉಣ್ಣುವವರ ಕಣ್ಣಿಗೆ ಬೀಳದಂತೆ ಇಡಬೇಕೆಂಬುದನ್ನು ಇಲ್ಲಿಯೇ ಸೇರಿಸಿ ಹೇಳುತ್ತೇವೆ.

ಮೂರನೆಯದು, ಊಟಕ್ಕೆ ಪ್ರತ್ಯೇಕ ಕೋಣೆ. ಆರೇಳು ಮಂದಿಯಿರುವ ಮನೆಗೆ ಇದು ಮೇಲು. ಆದರೆ ಇದರಲ್ಲಿ ಸಾಮಾನ್ಯವಾಗಿ ನುಸುಳುವ ಒಂದು ದೋಷವಿದೆ. ನಾಲ್ಕು ಸುತ್ತಲೂ ಕೋಣೆಗಳಿಂದ ಆವೃತವಾದ ಊಟದ ಕೋಣೆಗೆ ಹೊರಗಿನ ಗೋಡೆಯೇ ಇರುವುದಿಲ್ಲ. ಹಗಲಿನಲ್ಲೂ ದೀಪ ಹಾಕಬೇಕಾಗುತ್ತದೆ. ಆದುದರಿಂದ ನಕ್ಷೆ ಬರೆಯುವವರಿಗೆ ಮೊದಲು ಹೇಳತಕ್ಕ ಮಾತೆಂದರೆ, ಊಟದ ಕೋಣೆಯ ಒಂದು ಗೋಡೆಯಾದರೂ ಹೊರಗೋಡೆಯಾಗಿರಬೇಕು.

ಈ ಮೂರರಲ್ಲಿ ಯಾವುದನ್ನು ಆರಿಸಬೇಕು? ದಿನನಿತ್ಯ ಎಷ್ಟು ಮಂದಿ ಉಣ್ಣುವರು? ವರ್ಷದಲ್ಲಿ ಅತಿ ಹೆಚ್ಚು ಮಂದಿ ಸೇರುವ ದಿನ ಎಷ್ಟು ಮಂದಿ? ಬಡಿಸುವವರು ಯಾರು, ಅವರು ಎಲ್ಲಿ ಕುಳಿತು ಉಣ್ಣುವರು? ಈ ಮೂರು ಪ್ರಶ್ನೆಗಳಿಗೆ ಮನೆಯವರೆಲ್ಲ ಕುಳಿತು ಉತ್ತರ ಬರೆದುಕೊಂಡರೆ ನಕ್ಷೆಯು ತಾನಾಗಿ ನಿರ್ಧಾರವಾಗುತ್ತದೆ.

೨. ಅಳತೆಗಳು

ಈಗ ಅಳತೆಗೋಲನ್ನು ಕೈಗೆತ್ತಿಕೊಳ್ಳೋಣ. ಮೇಜಿನ ಮುಂದೆ ಕುಳಿತ ಒಬ್ಬರಿಗೆ, ಪಕ್ಕದವರ ಮೊಣಕೈ ತಾಗದಂತೆ ಉಣ್ಣಲು, ಮೇಜಿನ ಅಂಚಿನಲ್ಲಿ ಎರಡು ಅಡಿ ಅಗಲ ಬೇಕು. ಐದು ಅಡಿ ಉದ್ದ, ಮೂರು ಅಡಿ ಅಗಲದ ಮೇಜಿನಲ್ಲಿ ಉದ್ದದ ಎರಡು ಬದಿಗಳಲ್ಲಿ ಇಬ್ಬಿಬ್ಬರು, ತುದಿಗಳಲ್ಲಿ ಒಬ್ಬೊಬ್ಬರು, ಹೀಗೆ ಆರು ಮಂದಿ ಕುಳಿತುಕೊಳ್ಳಬಹುದು. ಮೇಜಿನ ಎತ್ತರ ಎರಡೂವರೆ ಅಡಿ, ಕುರ್ಚಿಯ ಪೀಠ ೧೭ರಿಂದ ೧೮ ಅಂಗುಲ ಇರುವುದು ವಾಡಿಕೆ.

ಮೇಜನ್ನು ಮಾತ್ರ ಅಳೆದರೆ ಸಾಲದು. ಕುರ್ಚಿಯನ್ನು ಹಿಂದಕ್ಕೆಳೆದು ಏಳುವುದಕ್ಕೂ, ಅದರ ಹಿಂದಿನಿಂದ ಒಬ್ಬರು ಪಾತ್ರೆ ಹಿಡಿದು ಹೋಗುವುದಕ್ಕೂ ಮೇಜಿನ ಸುತ್ತಲೂ ಮೂರು ಅಡಿ ಬಿಡಬೇಕು. ಆಗ ಕೋಣೆಯ ಉದ್ದ ೩ + ೫ + ೩ = ೧೧ ಅಡಿ; ಅಗಲ ೩ + ೩ + ೩ = ೯ ಅಡಿ. ಒಂದು ಬದಿಯ ಕುರ್ಚಿಗಳನ್ನು ಬಿಟ್ಟು ಗೋಡೆಗೆ ತಾಗಿಸಿ ಉದ್ದನೆಯ ಬೆಂಚನ್ನು ಹಾಕಿದರೆ ಅಗಲವನ್ನು ಏಳೂವರೆ ಅಡಿಗೆ ಇಳಿಸಬಹುದು. ಮಕ್ಕಳಿರುವ ಮನೆಗೆ ಬೆಂಚು ಅನುಕೂಲ. ಇಬ್ಬರ ಜಾಗದಲ್ಲಿ ಮೂವರು ಮಕ್ಕಳು ಜಗಳವಾಡುತ್ತಲಾದರೂ ಹಿಡಿಸುವರು.

ಇನ್ನು ನೆಲದ ಮೇಲೆ ಕುಳಿತುಣ್ಣುವ ಲೆಕ್ಕ. ಒಬ್ಬರಿಗೆ ಅಗಲ ಎರಡು ಅಡಿ. ಮಣೆಗೂ ಎಲೆಗೂ ಸೇರಿ ಮುಂದಕ್ಕೆ ಮೂರೂವರೆ ಅಡಿ. ಎದುರುಬದುರಾಗಿ ಎರಡು ಪಂಕ್ತಿ ಹಾಕಿದರೆ, ನಡುವೆ ಬಡಿಸುವವರ ದಾರಿ ಮೂರು ಅಡಿ. ಒಟ್ಟು ಅಗಲ ೩½ + ೩ + ೩½ = ೧೦ ಅಡಿ. ೧೧ ಅಡಿ ಉದ್ದದಲ್ಲಿ ಒಂದೊಂದು ಪಂಕ್ತಿಗೆ ಐವರಂತೆ ಹತ್ತು ಮಂದಿ. ಗಮನಿಸಿರಿ: ೧೧ ಅಡಿ ಉದ್ದ, ೧೦ ಅಡಿ ಅಗಲದ ಅದೇ ಕೋಣೆಯಲ್ಲಿ ಮೇಜು ಹಾಕಿದರೆ ಆರು ಮಂದಿ, ಎಲೆ ಹಾಕಿದರೆ ಹತ್ತು ಮಂದಿ. ಆದುದರಿಂದ ಕೋಣೆಯ ಅಗಲಕ್ಕೆ ಒಂದು ಅಡಿ ಹೆಚ್ಚು ಸೇರಿಸಿ ೧೧ x ೧೦ ಎಂದಿಟ್ಟುಕೊಂಡರೆ ದಿನನಿತ್ಯಕ್ಕೆ ಮೇಜೂ ಆಯಿತು, ತಿಥಿ ಹಬ್ಬಗಳಿಗೆ ಪಂಕ್ತಿಯೂ ಆಯಿತು. ಆದರೆ ಆ ದಿನ ಮೇಜು ಹೊರಗೆ ಹೋಗಬೇಕಷ್ಟೆ! ಮೇಜನ್ನು ಮಗ್ಗುಲಾಗಿ ತಿರುಗಿಸಿದಾಗ ಅದರ ಎರಡೂವರೆ ಅಡಿಯ ಎತ್ತರವು ಬಾಗಿಲಿನಲ್ಲಿ ಹಾಯಬೇಕು. ಬಾಗಿಲಿನ ಒಳ ಅಗಲ ಮೂರು ಅಡಿ ಇದ್ದರೆ ಮೇಜು ಸರಾಗವಾಗಿ ಜಗಲಿಗೆ ಹೋಗುತ್ತದೆ. ಕಲ್ಲಿನ ಅಥವಾ ಗಾಜಿನ ಭಾರದ ಹಲಗೆಯುಳ್ಳ ಮೇಜನ್ನು ಕೊಂಡರೆ ಈ ಲೆಕ್ಕ ನಡೆಯುವುದಿಲ್ಲ.

ಎಚ್ಚರಿಕೆಯ ಇನ್ನೊಂದು ಮಾತು. ಮೇಲೆ ಹೇಳಿದ ಅಳತೆಗಳೆಲ್ಲವೂ ಗೋಡೆಯ ಒಳಗಿನ ಅಳತೆಗಳು. ನಕ್ಷೆಯಲ್ಲಿ ಬರೆದಿರುವುದು ಒಳ ಅಳತೆಯೋ, ಗೋಡೆಯ ದಪ್ಪವೂ ಸೇರಿದ ಅಳತೆಯೋ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು. ಗಾರೆಯೂ ಎರಡು ಬದಿಗಳಲ್ಲಿ ಸೇರಿ ಒಂದು ಅಂಗುಲವನ್ನು ತಿನ್ನುತ್ತದೆ.

೩. ಬಾಗಿಲುಗಳು ಮತ್ತು ದಾರಿಗಳು

ಅಳತೆ ಸರಿಯಿದ್ದರೂ ಕೆಲವು ಊಟದ ಕೋಣೆಗಳು ಇಕ್ಕಟ್ಟಾಗಿರುತ್ತವೆ. ಕಾರಣವನ್ನು ಹುಡುಕಿದರೆ ಅದು ಬಾಗಿಲುಗಳಲ್ಲಿರುತ್ತದೆ. ನಡುವಿನ ಕೋಣೆಯಾದುದರಿಂದ ಚಾವಡಿಗೆ ಒಂದು ಬಾಗಿಲು, ಅಡುಗೆಮನೆಗೆ ಒಂದು, ಮಲಗುವ ಕೋಣೆಗಳಿಗೆ ಎರಡು, ಬಚ್ಚಲಿಗೆ ಒಂದು. ಮೂಲೆಯಿಂದ ಮಹಡಿಯ ಮೆಟ್ಟಲು. ಹೆಸರಿಗೆ ಊಟದ ಕೋಣೆ, ಕೆಲಸದಲ್ಲಿ ಅದು ಬಸ್ ನಿಲ್ದಾಣ.

ಇದನ್ನು ಪರೀಕ್ಷಿಸಲು ಸುಲಭೋಪಾಯವಿದೆ. ನಕ್ಷೆಯ ಮೇಲೆ ಪ್ರತಿಯೊಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಸೀಸದ ಕಡ್ಡಿಯಿಂದ ಗೆರೆ ಎಳೆಯಿರಿ. ಎರಡು ಬಾಗಿಲಾದರೆ ಒಂದೇ ಗೆರೆ. ಮೂರು ಬಾಗಿಲಾದರೆ ಮೂರು ಗೆರೆ. ನಾಲ್ಕಾದರೆ ಆರು, ಐದಾದರೆ ಹತ್ತು! ಬಾಗಿಲು ಒಂದೊಂದೇ ಹೆಚ್ಚಿದಂತೆ ದಾರಿಗಳು ಎಷ್ಟು ಬೇಗ ಹೆಚ್ಚುತ್ತವೆಂಬುದನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಸೂತ್ರದಿಂದ ಕಂಡುಹಿಡಿಯಬಲ್ಲರು. ಈ ಗೆರೆಗಳು ಮೇಜಿನ ಮೇಲೆ ಅಥವಾ ಕುರ್ಚಿಯ ಮೇಲೆ ಹಾದುಹೋದರೆ, ಅಲ್ಲಿ ಕುಳಿತವರು ದಿನವೂ ಎದ್ದು ದಾರಿ ಬಿಡಬೇಕೆಂದು ಅರ್ಥ.

ಆದುದರಿಂದ ಬಾಗಿಲುಗಳನ್ನು ಕೋಣೆಯ ಒಂದೇ ಬದಿಗೆ ಸೇರಿಸಿ ಇಡಬೇಕು. ದಾರಿಗಳೆಲ್ಲ ಆ ಬದಿಯಲ್ಲಿ ಹೋಗಲಿ. ಎದುರಿನ ಮೂಲೆ ನೆಮ್ಮದಿಯಾಗಿ ಉಳಿಯಲಿ. ಬಚ್ಚಲಿನ ಬಾಗಿಲು ಊಟದ ಕೋಣೆಗೆ ನೇರವಾಗಿ ತೆರೆಯಬಾರದು. ಗೋಡೆಯನ್ನು ಎರಡು ಅಡಿ ಮುಂದೆ ತಂದು ಬಾಗಿಲನ್ನು ಅಡ್ಡಕ್ಕೆ ತಿರುಗಿಸಿದರೂ ಸಾಕು.

೪. ಬಡಿಸುವವರ ಹೆಜ್ಜೆ

ಇನ್ನು ಈ ಪಾಠದ ಮುಖ್ಯ ಭಾಗಕ್ಕೆ ಬರುತ್ತೇವೆ. ಒಂದು ಲೆಕ್ಕವನ್ನು ಮಾಡೋಣ. ಒಲೆಯಿಂದ ಊಟದ ಮೇಜಿಗೆ ದೂರ ೨೦ ಅಡಿ ಎಂದಿಟ್ಟುಕೊಳ್ಳಿ. ಅನ್ನ, ಸಾರು, ಪಲ್ಯ, ಮಜ್ಜಿಗೆ, ನೀರು, ಉಪ್ಪಿನಕಾಯಿ, ಮತ್ತೆ ಅನ್ನ, ಹೀಗೆ ಒಂದು ಊಟಕ್ಕೆ ೧೨ ಸಲ ಹೋಗಿ ಬರಬೇಕೆಂದು ಭಾವಿಸಿರಿ. ಒಮ್ಮೆ ಹೋಗಿ ಬಂದರೆ ೪೦ ಅಡಿ. ೧೨ ಸಲಕ್ಕೆ ೪೮೦ ಅಡಿ. ದಿನದ ಮೂರು ಹೊತ್ತಿಗೆ ೧೪೪೦ ಅಡಿ. ದೂರವನ್ನು ೮ ಅಡಿಗೆ ಇಳಿಸಿದರೆ ಅದೇ ಲೆಕ್ಕದಲ್ಲಿ ೫೭೬ ಅಡಿ. ದಿನವೊಂದಕ್ಕೆ ಉಳಿತಾಯ ೮೬೪ ಅಡಿ. ವರ್ಷಕ್ಕೆ ೩,೧೫,೩೬೦ ಅಡಿ. ಕಿಲೋಮೀಟರಿಗೆ ತಿರುಗಿಸಿದರೆ ಸುಮಾರು ೯೬. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು ೫೦ ಕಿಲೋಮೀಟರು. ನಕ್ಷೆಯಲ್ಲಿ ೧೨ ಅಡಿ ಅಜಾಗರೂಕತೆಯಿಂದ ಹೆಚ್ಚಾದರೆ, ಆ ಮನೆಯ ಹೆಂಗಸರು ಬಿಸಿ ಪಾತ್ರೆಗಳನ್ನು ಹಿಡಿದುಕೊಂಡು ವರ್ಷಕ್ಕೊಮ್ಮೆ ಮಂಗಳೂರಿಗೆ ನಡೆದುಹೋಗಿ ಬಂದಂತಾಯಿತು. ಮನೆಯು ಐವತ್ತು ವರ್ಷ ಬಾಳಿದರೆ ಐವತ್ತು ಸಲ.

ಕಳೆದ ವರ್ಷ ನಾವು ಎಂಟನೆಯ ತರಗತಿಯ ಮಕ್ಕಳಿಗೆ, ತಮ್ಮ ತಮ್ಮ ಮನೆಯಲ್ಲಿ ಊಟ ಮಾಡುವ ಸ್ಥಳವನ್ನು ಅಳೆದು ಚೌಕಳಿ ಕಾಗದದ ಮೇಲೆ ಬರೆದು, ಯಾರು ಎಲ್ಲಿ ಕುಳಿತುಕೊಳ್ಳುವರೆಂಬುದನ್ನು ಸೊನ್ನೆಗಳಿಂದ ತೋರಿಸಿ ತರುವಂತೆ ಹೇಳಿದ್ದೆವು. ಒಬ್ಬ ಬಾಲಿಕೆ ಬಹಳ ಅಚ್ಚುಕಟ್ಟಾಗಿ ಬರೆದು ತಂದಳು. ಮನೆಯಲ್ಲಿ ಆರು ಮಂದಿ. ಸೊನ್ನೆಗಳು ಐದೇ ಇದ್ದುವು. “ಒಂದು ಬಿಟ್ಟುಹೋಗಿದೆಯಲ್ಲ ಮಗೂ?” ಎಂದು ಕೇಳಿದೆವು. “ಇಲ್ಲ ಸರ್, ಅಮ್ಮ ಆಮೇಲೆ ಊಟ ಮಾಡುವುದು, ಅಡುಗೆಮನೆಯಲ್ಲಿ” ಎಂದಳು. ಆ ನಕ್ಷೆಗೆ ಪೂರ್ಣ ಅಂಕಗಳನ್ನೇ ಕೊಟ್ಟೆವು; ಇದ್ದುದನ್ನು ಇದ್ದಂತೆ ಅದು ತೋರಿಸಿತ್ತು. ಆದರೆ ಆ ಆರನೆಯ ಸೊನ್ನೆಯು ಬಹಳ ದಿನ ನಮ್ಮ ಮನಸ್ಸಿನಲ್ಲಿ ಉಳಿಯಿತು. ಮನೆಗೆ ಹೋಗಿ ನಮ್ಮ ಊಟದ ಸ್ಥಳವನ್ನೂ ಹೊಸ ಕಣ್ಣಿನಿಂದ ನೋಡಿದೆವು.

ಎಂಜಲು, ಮಡಿ, ಹಿರಿಯರು ಮೊದಲು ಕಿರಿಯರು ಮತ್ತೆ ಎಂಬ ವಿಷಯಗಳಲ್ಲಿ ಒಂದೊಂದು ಮನೆಯ ಕ್ರಮ ಒಂದೊಂದು. ಅದರಲ್ಲಿ ನಾವು ಕೈಹಾಕುವವರಲ್ಲ. ಆದರೆ ಕ್ರಮದಿಂದಾಗಿ ಅಲ್ಲದೆ, ಬರಿಯ ಸ್ಥಳದ ಕೊರತೆಯಿಂದಲೇ ಎಷ್ಟೋ ಮನೆಗಳಲ್ಲಿ ತಾಯಂದಿರು ಒಂಟಿಯಾಗಿ, ಆರಿದ ಅನ್ನವನ್ನು ಕತ್ತಲೆಯಲ್ಲಿ ಉಣ್ಣುತ್ತಿದ್ದಾರೆ. ಇದನ್ನು ನಕ್ಷೆಯಲ್ಲಿ ಸರಿಪಡಿಸಲು ಸಾಧ್ಯವಿದೆ. ಅದಕ್ಕೆ ಬೇಕಾದುದು ನಾಲ್ಕು ಏರ್ಪಾಡುಗಳು.

ಒಂದನೆಯದಾಗಿ, ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟು ಸ್ಥಾನಗಳು ಇರಬೇಕು, ಒಂದೂ ಕಡಮೆಯಾಗಕೂಡದು. ಅಡುಗೆಮನೆಯ ಬಾಗಿಲಿಗೆ ಅತಿ ಹತ್ತಿರದ ಸ್ಥಾನವು ಬಡಿಸುವವರದು.

ಎರಡನೆಯದಾಗಿ, ಅಡುಗೆಮನೆಗೂ ಊಟದ ಕೋಣೆಗೂ ನಡುವಣ ಗೋಡೆಯಲ್ಲಿ ಮೂರು ಅಡಿ ಅಗಲದ ಒಂದು ಕಿಂಡಿಯನ್ನು ಬಿಡಬೇಕು. ಅದರ ಕೆಳಗಿನ ಅಂಚು ಅಡುಗೆ ಕಟ್ಟೆಯ ಮಟ್ಟಕ್ಕೇ ಇರಲಿ. ಊಟದ ಕೋಣೆಯ ಕಡೆಗೆ ಒಂದು ಅಡಿ ಅಗಲದ ಹಲಗೆಯನ್ನು ಚಾಚಿ ಇಟ್ಟರೆ ಪಾತ್ರೆಗಳೆಲ್ಲ ಒಲೆಯಿಂದ ನೇರವಾಗಿ ಅಲ್ಲಿಗೆ ಬಂದು ಕುಳಿತುಕೊಳ್ಳುವುವು. ಹನ್ನೆರಡು ಸಲದ ಓಡಾಟವು ಎರಡು ಮೂರಕ್ಕೆ ಇಳಿಯುತ್ತದೆ. ಒಗ್ಗರಣೆಯ ಹೊಗೆ ಬರುವುದೆಂದು ಹೆದರುವವರು ಕಿಂಡಿಗೆ ಎರಡು ಪುಟ್ಟ ಬಾಗಿಲುಗಳನ್ನು ಇಡಿಸಬಹುದು.

ಮೂರನೆಯದಾಗಿ, ಅಡುಗೆಮನೆಯಿಂದ ಊಟದ ಕೋಣೆಗೆ ಬರುವಲ್ಲಿ ಹೊಸ್ತಿಲೂ ಇರಬಾರದು, ಮೆಟ್ಟಲೂ ಇರಬಾರದು. ಊಟದ ಕೋಣೆಯನ್ನು ಎರಡು ಮೆಟ್ಟಲು ಎತ್ತರಿಸಿ ಅಥವಾ ತಗ್ಗಿಸಿ ಕಟ್ಟುವವರಿದ್ದಾರೆ. ನೋಡಲು ಚೆಂದ. ಆದರೆ ಕುದಿಯುವ ಸಾರಿನ ಪಾತ್ರೆಯನ್ನು ಎರಡು ಕೈಗಳಲ್ಲಿ ಹಿಡಿದವರಿಗೆ ತಮ್ಮ ಕಾಲ ಮುಂದಿನ ಮೆಟ್ಟಲು ಕಾಣುವುದಿಲ್ಲ.

ನಾಲ್ಕನೆಯ ಏರ್ಪಾಡು ಕಲ್ಲು ಸುಣ್ಣಗಳಿಂದ ಆಗತಕ್ಕದ್ದಲ್ಲ. ನೀರನ್ನು ತುಂಬಿಡುವುದು, ಬಟ್ಟಲುಗಳನ್ನು ಇಡುವುದು, ಉಂಡ ಬಟ್ಟಲನ್ನು ತಾವೇ ಎತ್ತಿ ತೊಳೆಯುವಲ್ಲಿಗೆ ಒಯ್ಯುವುದು, ಇವು ಮಕ್ಕಳ ಕೆಲಸಗಳು. ಗಂಡುಮಕ್ಕಳು, ಹೆಣ್ಣುಮಕ್ಕಳು ಎಂಬ ಭೇದ ಇದರಲ್ಲಿ ಬೇಡ. ಶಾಲೆಯ ಮಧ್ಯಾಹ್ನದ ಊಟದಲ್ಲಿ ಹುಡುಗರೆಲ್ಲರೂ ತಮ್ಮ ತಟ್ಟೆಯನ್ನು ತಾವೇ ತೊಳೆಯುತ್ತಿದ್ದಾರೆ. ಶಾಲೆಯಲ್ಲಿ ಬರುವ ವಿದ್ಯೆಯು ಮನೆಯ ಹೊಸ್ತಿಲಲ್ಲಿ ಮರೆತುಹೋಗಬೇಕಾದ ಕಾರಣವಿಲ್ಲ.

೫. ಗಾಳಿ, ಬೆಳಕು, ನೀರು

ನಮ್ಮ ನಾಡು ಕಡಲ ಕರೆಯದು. ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮೇಲೆ ಮಳೆ. ಹಗಲಿನಲ್ಲಿ ಗಾಳಿ ಬೀಸುವುದು ಪಡುವಣ ಕಡಲಿನಿಂದ. ಮಳೆಗಾಲದ ಗಾಳಿಯೂ ನೈಋತ್ಯದಿಂದ. ಆದಕಾರಣ ಅಡುಗೆಮನೆಯು ಊಟದ ಕೋಣೆಗೆ ಮೂಡಲಾಗಿದ್ದರೆ ಹೊಗೆಯೂ ವಾಸನೆಯೂ ಹೊರಕ್ಕೆ ಹೋಗುತ್ತವೆ. ಪಡುವಲಾಗಿದ್ದರೆ ಎಲ್ಲವೂ ಊಟದವರ ಕಣ್ಣಿಗೆ ಬರುತ್ತದೆ. ಆಗ್ನೇಯ ದಿಕ್ಕಿನಲ್ಲಿ ಅಡುಗೆಮನೆ ಇರಬೇಕೆಂಬ ರೂಢಿಯನ್ನು ಪಾಲಿಸುವವರಿಗೂ ಇದರಿಂದ ತೊಡಕಿಲ್ಲ.

೧೮೬೦ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಈ ಕರಾವಳಿಯಲ್ಲೆಲ್ಲ ಹಂಚಿನ ಮಾಡುಗಳು ಹಬ್ಬಿದುವು. ಹಂಚಿನ ಸಂದುಗಳಲ್ಲಿ ಹೊಗೆ ತಾನಾಗಿ ಮೇಲಕ್ಕೆ ಹೋಗುತ್ತಿತ್ತು. ಇಂದಿನ ಕಾಂಕ್ರೀಟಿನ ತಾರಸಿಗೆ ಸಂದುಗಳಿಲ್ಲ. ಆದುದರಿಂದ ಕಿಟಕಿಗಳ ಲೆಕ್ಕವು ಮೊದಲಿಗಿಂತ ಹೆಚ್ಚು ಮುಖ್ಯವಾಗಿದೆ. ಸೆಕೆಯೂ ತೇವವೂ ಕೂಡಿರುವ ಪ್ರದೇಶಗಳಲ್ಲಿ ಗಾಳಿ ಬೆಳಕಿನ ಕಿಂಡಿಗಳು, ಬಾಗಿಲುಗಳನ್ನು ಬಿಟ್ಟು, ನೆಲದ ವಿಸ್ತೀರ್ಣದ ಆರರಲ್ಲಿ ಒಂದು ಪಾಲು ಇರಬೇಕೆಂದು ಕಟ್ಟಡ ಸಂಹಿತೆ ಹೇಳುತ್ತದೆ. ನಮ್ಮ ೧೧ x ೧೦ ಅಡಿಯ ಕೋಣೆಗೆ ನೆಲ ೧೧೦ ಚದರ ಅಡಿ. ಅದರ ಆರನೆಯ ಒಂದು ಪಾಲು ೧೮ಕ್ಕಿಂತ ಸ್ವಲ್ಪ ಹೆಚ್ಚು. ಮೂರು ಅಡಿ ಅಗಲ, ಮೂರೂವರೆ ಅಡಿ ಎತ್ತರದ ಎರಡು ಕಿಟಕಿಗಳನ್ನು ಇಟ್ಟರೆ ೨೧ ಚದರ ಅಡಿಯಾಗಿ ಲೆಕ್ಕ ಸರಿಹೋಗುತ್ತದೆ. ಪಡುವಣ ಕಿಟಕಿಯ ಮೇಲೆ ಮಳೆಯ ಇರಚಲನ್ನು ತಡೆಯಲು ಎರಡು ಅಡಿಯ ಮರೆ ಇರಬೇಕು. ಇಲ್ಲದಿದ್ದರೆ ಆಷಾಢದಲ್ಲಿ ಕಿಟಕಿ ತೆರೆಯುವಂತಿಲ್ಲ. ತೆರೆಯದ ಕಿಟಕಿ ಗೋಡೆಗೆ ಸಮಾನ.

ದೀಪವು ಊಟದವರ ಬೆನ್ನ ಹಿಂದೆ ಇರಬಾರದು. ತಮ್ಮ ನೆರಳು ತಮ್ಮ ಎಲೆಯ ಮೇಲೆಯೇ ಬೀಳುವುದು. ಮೀನು ಉಣ್ಣುವ ಮನೆಗಳಲ್ಲಿ ಮುಳ್ಳು ಕಾಣಲು ಬೆಳಕು ಬಹಳ ಅಗತ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೈತೊಳೆಯುವ ಬೇಸಿನ್ನನ್ನು ಉಣ್ಣುವವರ ಮುಖಕ್ಕೆ ಎದುರಾಗಿ ಇಡುವುದು ಒಳ್ಳೆಯದಲ್ಲ. ಒಬ್ಬರು ಬಾಯಿ ಮುಕ್ಕಳಿಸುವಾಗ ಇನ್ನೊಬ್ಬರು ಉಣ್ಣುತ್ತಿರುವರು. ಅದನ್ನು ಹಿಂಬದಿಯ ಜಗಲಿಯಲ್ಲೋ ಬಚ್ಚಲಿಗೆ ಹೋಗುವ ಮೂಲೆಯಲ್ಲೋ ಹೊರಗೋಡೆಗೆ ತಾಗಿಸಿ ಇಟ್ಟರೆ ನೀರು ಹೋಗುವುದೂ ಸುಲಭ. ನೆಲವು ಒದ್ದೆಯಾದಾಗ ಜಾರದಂತಹದಾಗಿರಬೇಕು. ಅಂಗಡಿಯಲ್ಲಿ ಮುಖ ಕಾಣುವಷ್ಟು ಹೊಳೆಯುವ ಟೈಲ್ಸನ್ನು ಆರಿಸುವ ಮೊದಲು ಅದರ ಮೇಲೆ ಒಂದು ಚೆಂಬು ನೀರು ಚೆಲ್ಲಿ ನಡೆದು ನೋಡಬೇಕು.

೬. ಹಿರಿಯರು ಮತ್ತು ಕಿರಿಯರು

ಹೊಸ ಮನೆ ಕಟ್ಟುವವರು ಸಾಮಾನ್ಯವಾಗಿ ಮೂವತ್ತೈದು ನಲವತ್ತು ವಯಸ್ಸಿನವರು. ಅವರ ಮೊಣಕಾಲುಗಳು ಗಟ್ಟಿಯಾಗಿರುತ್ತವೆ. ಆದರೆ ಅದೇ ಮನೆಯಲ್ಲಿ ಎಪ್ಪತ್ತರ ಅಜ್ಜಿ ಇರುವರು. ಮೂವತ್ತು ವರ್ಷಗಳ ಬಳಿಕ ಕಟ್ಟಿದವರೂ ಅದೇ ವಯಸ್ಸಿಗೆ ಬರುವರು. ನೆಲದ ಮೇಲೆ ಕೂರಲಾರದ ಹಿರಿಯರಿಗೆ ಕೈಗಳುಳ್ಳ ಒಂದು ಗಟ್ಟಿ ಕುರ್ಚಿ, ಬಾಗಿಲಿಗೂ ಬೇಸಿನ್ನಿಗೂ ಹತ್ತಿರದ ಸ್ಥಾನ, ಹಿಡಿದುಕೊಂಡು ನಡೆಯಲು ಗೋಡೆಯ ಬದಿಯ ದಾರಿ ಇರಬೇಕು. ಮುಂದೊಂದು ದಿನ ಗಾಲಿಕುರ್ಚಿ ಬೇಕಾದರೂ ಮೂರು ಅಡಿಯ ಬಾಗಿಲು, ಹೊಸ್ತಿಲಿಲ್ಲದ ನೆಲ ಆಗ ಉಪಕಾರಕ್ಕೆ ಬರುತ್ತದೆ. ಮಲಗುವ ಕೋಣೆಯ ಮಂಚದ ಮೇಲೆಯೇ ಊಟ ಮಾಡಬೇಕಾಗಿ ಬಂದ ಹಿರಿಯರು ಮನೆಯ ಮಾತುಕತೆಯಿಂದಲೂ ದೂರವಾಗುತ್ತಾರೆ. ಅವರ ಆಯುಷ್ಯದ ಉಳಿದ ಕಾಲದಲ್ಲಿ ಅದು ಸಣ್ಣ ನಷ್ಟವಲ್ಲ.

ಮಕ್ಕಳಿಗೆ ಬೇಕಾದುದು ಕಾಲಿಡಲು ಒಂದು ಹಲಗೆ, ಬೇಸಿನ್ನಿನ ಮುಂದೆ ಹತ್ತಿ ನಿಲ್ಲಲು ಒಂದು ಮಣೆ. ಇದಕ್ಕಿಂತ ಹೆಚ್ಚಾಗಿ ಬೇಕಾದುದು ಕೇಳುವ ಕಿವಿಗಳು. ಗಡಿಯಾಚೆಯ ಕನ್ನಡಿಗರಾದ ನಮ್ಮ ಮಕ್ಕಳು ದಿನಕ್ಕೆ ಮೂರು ನಾಲ್ಕು ಭಾಷೆಗಳಲ್ಲಿ ಓಡಾಡುವರು. ಪೇಟೆಯಲ್ಲಿ ಮಲಯಾಳ, ಅಂಗಳದಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ, ಪುಸ್ತಕದಲ್ಲಿ ಕನ್ನಡ ಮತ್ತು ಇಂಗ್ಲಿಷು. ಶಾಲೆಯಲ್ಲಿ ಕಲಿತ ಮಾತು ಬಾಯಲ್ಲಿ ನಿಲ್ಲಬೇಕಾದರೆ ಅದನ್ನು ಆಡಿ ತೋರಿಸುವ ಒಂದು ಹೊತ್ತು ಮನೆಯಲ್ಲಿ ಬೇಕು. ಇಂದು ಪಾಠದಲ್ಲಿ ಏನು ಹೇಳಿದರು, ಮೈದಾನದಲ್ಲಿ ಯಾರು ಬಿದ್ದರು ಎಂಬುದನ್ನು ಮಗುವು ಹೇಳುವುದು ರಾತ್ರಿಯ ಊಟದಲ್ಲಿ. ಅಜ್ಜಿ ತಂಬುಳಿಗೆ ಹಾಕಿದ ಸೊಪ್ಪಿನ ಹೆಸರನ್ನು ಮಗು ಕಲಿಯುವುದೂ ಅಲ್ಲಿಯೇ. ಹಾಗಾಗಬೇಕಾದರೆ ಎಲ್ಲರೂ ಒಂದೇ ಹೊತ್ತಿಗೆ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕುಳಿತಿರಬೇಕು. ಮೊಬೈಲ್ ಫೋನುಗಳಿಗೆಂದು ಬಾಗಿಲ ಬಳಿಯ ಗೋಡೆಯಲ್ಲಿ ಒಂದು ಗೂಡನ್ನು ಇಡಿಸಿ, ಊಟ ಮುಗಿಯುವ ತನಕ ಅವು ಅಲ್ಲಿಯೇ ವಿಶ್ರಮಿಸುವಂತೆ ಮಾಡಿದರೆ ಉತ್ತಮ. ಈ ನಿಯಮವು ಹೆತ್ತವರಿಗೂ ಅನ್ವಯಿಸುತ್ತದೆ.

೭. ವಿದ್ಯಾರ್ಥಿಗಳಿಗೆ ಅಭ್ಯಾಸ

(೧) ನಿಮ್ಮ ಮನೆಯ ಊಟದ ಸ್ಥಳವನ್ನು ಅಳೆದು, ಒಂದು ಚೌಕಕ್ಕೆ ಒಂದು ಅಡಿಯಂತೆ ಚೌಕಳಿ ಕಾಗದದಲ್ಲಿ ನಕ್ಷೆ ಬರೆಯಿರಿ. ಮೇಜು, ಕುರ್ಚಿ, ಮಣೆಗಳನ್ನು ಅದೇ ಪ್ರಮಾಣದಲ್ಲಿ ರಟ್ಟಿನಲ್ಲಿ ಕತ್ತರಿಸಿ, ನಕ್ಷೆಯ ಮೇಲೆ ಸರಿಸಿ ನೋಡಿರಿ.

(೨) ಒಂದು ದಿನದ ರಾತ್ರಿಯ ಊಟದಲ್ಲಿ ಬಡಿಸುವವರು ಒಲೆಗೂ ಮೇಜಿಗೂ ನಡುವೆ ಎಷ್ಟು ಸಲ ಹೋಗಿ ಬಂದರೆಂಬುದನ್ನು ಎಣಿಸಿರಿ. ವರ್ಷಕ್ಕೆ ಎಷ್ಟು ಕಿಲೋಮೀಟರು ಆಯಿತು?

(೩) ಬಾಗಿಲುಗಳು ಆರು ಇದ್ದರೆ ದಾರಿಯ ಗೆರೆಗಳು ಎಷ್ಟು? ಏಳಿದ್ದರೆ ಎಷ್ಟು?

(೪) ಕಿಟಕಿಗಳ ವಿಸ್ತೀರ್ಣವು ನೆಲದ ಎಷ್ಟನೆಯ ಪಾಲಾಗಿದೆ?

(೫) ಮನೆಯಲ್ಲಿರುವ ಮಂದಿಯನ್ನು ಎಣಿಸಿರಿ. ನಕ್ಷೆಯಲ್ಲಿ ಅಷ್ಟು ಸೊನ್ನೆಗಳಿವೆಯೇ?

ಮನೆ ಕಟ್ಟಿಸಲಿರುವ ಹೆತ್ತವರಲ್ಲಿ ಕೊನೆಯದಾಗಿ ಒಂದು ಬಿನ್ನಹ. ನಕ್ಷೆಯು ಪಂಚಾಯತಿನ ಅನುಮತಿಗೆ ಹೋಗುವ ಮೊದಲು ಒಂದು ಸಂಜೆ ಮನೆಯವರೆಲ್ಲರೂ ನಿವೇಶನಕ್ಕೆ ಹೋಗಿರಿ. ಊಟದ ಕೋಣೆಯ ಗೋಡೆಗಳನ್ನು ಅಳತೆಗೆ ಸರಿಯಾಗಿ ಸುಣ್ಣದ ಹುಡಿಯಿಂದ ನೆಲದ ಮೇಲೆ ಎಳೆಯಿರಿ. ಒಲೆ ಇರುವಲ್ಲಿ ಒಂದು ಕಲ್ಲನ್ನು ಇಡಿರಿ. ಒಳಗೆ ಚಾಪೆ ಹಾಸಿ, ಬುತ್ತಿ ಬಿಚ್ಚಿ, ಎಲ್ಲರೂ ಕುಳಿತು ಅವಲಕ್ಕಿಯನ್ನಾದರೂ ತಿನ್ನಿರಿ. ಅಂದು ಬಡಿಸುವ ಕೆಲಸವನ್ನು ಯಜಮಾನರೇ ವಹಿಸಿಕೊಳ್ಳಲಿ. ಎಲ್ಲಿ ಕಾಲು ತೊಡರುತ್ತದೆ, ಎಲ್ಲಿ ದಾರಿ ಸಾಲದು ಎಂಬುದು ಅವರಿಗೆ ತಾನಾಗಿ ತಿಳಿಯುವುದು. ಸುಣ್ಣದ ಗೆರೆಯನ್ನು ಕಾಲಿನಿಂದ ಉಜ್ಜಿ ಒಂದು ಅಡಿ ಆಚೆಗೆ ಎಳೆಯುವುದಕ್ಕೆ ಆಗ ಖರ್ಚೇನೂ ತಗಲುವುದಿಲ್ಲ.